ಒಸಡು ನೋಡುತ್ತಿದ್ದ ಅಜ್ಜಿ

ಪಕ್ಕದ ಮನೆಯ ಅಜ್ಜಿಯ ಬಲಗೈ ತೋರುಬೆರಳಿನ ಉಗುರು ಸದಾ ಮಾಂಸದವರೆಗೆ ಕತ್ತರಿಸಿರುತ್ತಿತ್ತು. ನಮ್ಮ ಲೈನಿನ ಹಸುಗೂಸುಗಳ ಒಸಡನ್ನೆಲ್ಲ ಮುಟ್ಟಿ ನೋಡಿದ ಬೆರಳು ಅದು.

ನಾನು ಬಂಗಾರಪೇಟೆಯಿಂದ ಮದುವೆಯಾಗಿ ಕೆ.ಜಿ.ಎಫ್.ನ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ನಮ್ಮ ಮನೆಗೂ ಅಜ್ಜಿಯ ಮನೆಗೂ ನಡುವೆ ಬರೀ ತಡಿಕೆ ಗೋಡೆ. ನನ್ನ ಮಗಳಿಗೆ ಹಲ್ಲು ಮೂಡುವ ಸಮಯದಲ್ಲಿ ಜೊಲ್ಲು ಸುರಿದು ಗಲ್ಲವೆಲ್ಲ ಕೆಂಪಾಗಿತ್ತು. ಅವಳು ಅತ್ತರೆ ಅಜ್ಜಿ ಕೈ ತೊಳೆದುಕೊಂಡು ಬರುವರು. ಒಸಡನ್ನು ಮೆಲ್ಲಗೆ ಉಜ್ಜುವರು. ಒಗೆದ ಬಟ್ಟೆಯನ್ನು ಮಡಕೆಯ ನೀರಿನಲ್ಲಿ ಅದ್ದಿ, ಹಿಂಡಿ, ಕಚ್ಚಲು ಕೊಡುವರು. ಆಂಧ್ರದ ಗಡಿಗೆ ಹತ್ತಿರದ ಕಾಮಸಮುದ್ರದ ಕಡೆಯವರು, ಮಕ್ಕಳೊಡನೆ ಮಾತ್ರ ತೆಲುಗು. "ಏಡ್ವಕು ತಲ್ಲೀ," ಅಳಬೇಡ ತಾಯಿ, ಎಂದು ಅವರು ಹೇಳಿದರೆ ಮಗು ಅಳು ಮರೆತು ಅವರ ಬಾಯನ್ನೇ ನೋಡುತ್ತಿತ್ತು. ನನಗೆ ಹೇಳುತ್ತಿದ್ದುದು ಒಂದೇ: "ಅವಸರ ಬ್ಯಾಡ ಕಣಮ್ಮ. ಬರೋವಾಗ ಬತ್ತದೆ."

ಒಂದು ಬೆಳಿಗ್ಗೆ ಮಗುವಿನ ಮೈ ಸುಡುತ್ತಿತ್ತು. ಹಾಲು ಮುಟ್ಟಲಿಲ್ಲ.

"ಅಲ್ಲು ಬರೋ ಜರ. ತಾನೇ ಓಯ್ತದೆ" ಎಂದರು ನಮ್ಮತ್ತೆ. ನನಗೂ ಹಾಗೇ ಅನಿಸಿತ್ತು.

ಅಜ್ಜಿ ಒಸಡು ಮುಟ್ಟಿದರು. ಆಮೇಲೆ ಮಗುವಿನ ಅಂಗಿ ಎತ್ತಿ, ಎದೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತರು.

"ಇದು ಆ ಜರ ಅಲ್ಲ. ಪಕ್ಕೆ ಎಳೀತಾ ಐತೆ. ಏಳು, ಆಸ್ಪತ್ರೆಗೆ ಓಗಾನ."

ತಮ್ಮ ಮಗ ಪಾಳಿ ಮುಗಿಸಿ ಬರಲಿ ಎಂದರು ಅತ್ತೆ.

"ಅವನು ಗಣಿಯಿಂದ ಮ್ಯಾಲಕ್ಕೆ ಬರೋಗಂಟ ಕಾಯಕಾಗಲ್ಲಮ್ಮ" ಎನ್ನುತ್ತಲೇ ಅಜ್ಜಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಬಿಟ್ಟರು. ನಾನು ಹಿಂದೆ ಓಡಿದೆ. ನ್ಯುಮೋನಿಯಾ ಎಂದ ಡಾಕ್ಟರು ತಕ್ಷಣ ಸೇರಿಸಿಕೊಂಡು ಇಂಜೆಕ್ಷನ್ ಕೊಟ್ಟರು.

ಜ್ವರ ಇಳಿದು ಮಗು ಮತ್ತೆ ಹಾಲಿಗೆ ಬಾಯಿ ಹಾಕಿದ ಮಧ್ಯಾಹ್ನ, ಅಜ್ಜಿ ಆಸ್ಪತ್ರೆಯ ವರಾಂಡದಲ್ಲಿ ನನ್ನ ಪಕ್ಕ ಕೂತರು.

"ನನ್ನ ಮಗೀಗೂ ಇಂಗೇ ಆಗಿತ್ತು. ಎಲ್ಲಾರೂ ಅಲ್ಲು ಬತ್ತಾ ಐತೆ ಅಂದ್ರು. ನಾನೂ ಅಂಗೇ ಅಂದ್ಕೊಂಡು ಕೂತೆ. ಆಮ್ಯಾಕೆ ಮಕ್ಕಳಾಗ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಅಜ್ಜಿ ತೀರಿಕೊಂಡರು. ಲೈನಿನ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದ್ದರು. ಬಾಯಿಗೆ ಮೊದಲು ಅಕ್ಕಿ ಹಾಕುವವರು ಯಾರು ಎಂದು ಯಾರೋ ಕೇಳಿದರು; ಅದು ಮಕ್ಕಳು, ಮೊಮ್ಮಕ್ಕಳು ಹಾಕಬೇಕಾದ ಅಕ್ಕಿ. ನಮ್ಮತ್ತೆ ಎದ್ದು, ನನ್ನ ಮಗಳ ಕೈ ಹಿಡಿದು ಕರೆದೊಯ್ದು, ಅವಳ ಬೊಗಸೆಗೆ ಅಕ್ಕಿ ಸುರಿದರು.

"ಆಕು ಮಗ," ಎಂದರು. "ನಿಮ್ಮಜ್ಜಿ."