ಬಿಳಿಚಿದ ಆರು ಕುಪ್ಪಿ

ಬಾಯಿ ಸೀಳುಬಿಟ್ಟ ಈ ಗಾಜಿನ ಕುಪ್ಪಿಗೆ ನಾನು ಇನ್ನೂರು ರೂಪಾಯಿ ಕೊಟ್ಟೆ. ಗುಜರಿಯಲ್ಲಿ ಐದು ರೂಪಾಯಿಯೂ ಬಾಳುವುದಿಲ್ಲ. ಮೂವತ್ತು ವರ್ಷದಿಂದ ಮೂಡುಬಿದಿರೆಯಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟವನು ನಾನು, ಕೇಳಿದ ಕ್ರಯಕ್ಕೆ ಒಂದು ಮೊಳೆಯನ್ನೂ ಕೊಂಡವನಲ್ಲ. ಆದರೆ ಮೊನ್ನೆ ಕಾಲೇಜಿನ ಪ್ರಯೋಗಶಾಲೆ ಖಾಲಿ ಮಾಡುವಾಗ ಇದರ ಹೊಟ್ಟೆಯ ಮೇಲೆ ಚೌಕಾಕಾರದ ಗೋಂದಿನ ಗುರುತು ಕಂಡಿತು. ಚೀಟಿ ಇದ್ದ ಜಾಗ. ಆ ಚೀಟಿಯನ್ನು ಉಜ್ಜಿ ತೆಗೆದವನು ನಾನೇ... ಚೌಕಾಸಿಗೆ ಬಾಯಿ ಬರಲಿಲ್ಲ.

ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಟೀಚರ್ ನನ್ನ ಗಿರಾಕಿ. ಬಂಟ್ವಾಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮೀನಿನ ತೊಟ್ಟಿಯ ಪಂಪು, ಟ್ಯೂಬ್‌ಲೈಟು, ಬೆಳ್ತಂಗಡಿಯ ಮದುವೆ ಹಾಲ್‌ನಿಂದ ನನಗೆ ಬಂದಿದ್ದ ದೊಡ್ಡ ಕುಕ್ಕರ್, ಎಲ್ಲ ನನ್ನಿಂದಲೇ ಕೊಂಡದ್ದು. ಚೌಕಾಸಿಯಲ್ಲಿ ನನಗಿಂತ ಒಂದು ಕೈ ಮೇಲೆ. “ಟೀಚರೇ, ಹೀಗೆ ಕೇಳಿದ್ರೆ ನಾನು ಎಂಥ ತಿನ್ನುವುದು?” ಎಂದರೆ ನನ್ನ ಹೊಟ್ಟೆ ನೋಡಿ, “ತಿಂದದ್ದು ಸಾಕಷ್ಟು ಉಂಟಲ್ಲ ಮಾರಾಯ್ರೆ” ಅನ್ನುತ್ತಿದ್ದರು.

ಅವರು ಸಾಕುತ್ತಿದ್ದದ್ದು ಪಾಚಿ. ಒಂದೊಂದಾಗಿ ಕಣ್ಣಿಗೆ ಕಾಣದಷ್ಟು ಸಣ್ಣದು. ನೀರೇ ಹಸಿರಾದ ಹಾಗೆ ತೋರುತ್ತಿತ್ತು. ಅದರ ವಂಶವಾಹಿಯನ್ನು ತಿದ್ದಿ, ಅಷ್ಟೇ ಬೆಳಕಿನಲ್ಲಿ ಹೆಚ್ಚು ಬೆಳೆಯುವ ತಳಿ ಮಾಡುವುದು ಅವರ ಕೆಲಸ. ಹನ್ನೊಂದು ವರ್ಷ ಅದಕ್ಕೇ ಹೋಯಿತು. ಒಮ್ಮೆ ನಾನು ಪಂಪು ಜೋಡಿಸುವಾಗ ವಿವರಿಸಿದ್ದರು: ಮೇಲಿರುವ ಪಾಚಿಗೆ ದುರಾಸೆ, ಬೇಕಾದ್ದಕ್ಕಿಂತ ಹೆಚ್ಚು ಬೆಳಕು ನುಂಗಿ ಶಾಖವಾಗಿ ಪೋಲು ಮಾಡ್ತದೆ, ಕೆಳಗಿನದ್ದಕ್ಕೆ ಕತ್ತಲಲ್ಲಿ ಉಪವಾಸ. ಹಸಿರನ್ನೇ ಕಡಿಮೆ ಮಾಡಿದರೆ ಎಲ್ಲಕ್ಕೂ ಪಾಲು ಸಿಗ್ತದೆ. ನಾನು ಹೂಂ ಹೂಂ ಎಂದೆ. ತಲೆಯಲ್ಲಿ ಪಂಪಿನ ಕ್ರಯ ಓಡುತ್ತಿತ್ತು.

ಅವರ ಯೋಜನೆಗೆ ಕೊನೆಯ ವರ್ಷ. ಆ ಮಳೆಗಾಲ ನೇತ್ರಾವತಿ ಹೊಳೆ ಉಕ್ಕಿ ಅವರ ಜಗಲಿಗೆ ಬಂತು. ಫೋನ್ ಮಾಡಿ, ನಾಲ್ಕು ದಿನ ಬರಲಿಕ್ಕೆ ಆಗುವುದಿಲ್ಲ, ಮೂಡುಬಿದಿರೆಯಲ್ಲಿ ಕರೆಂಟೂ ಇಲ್ಲವಂತೆ, ಲೈಟು ಪಂಪು ನಿಲ್ಲದ ಹಾಗೆ ನೋಡಿಕೊಳ್ಳಿ ಎಂದರು. ಅಷ್ಟರಲ್ಲಿ ಫೋನ್ ಸತ್ತಿತು.

ಅಂಗಡಿಯ ಜನರೇಟರ್ ಹೊತ್ತುಕೊಂಡು ಹೋದೆ. ವಾಚ್‌ಮನ್ ಬೀಗ ತೆಗೆದ. ಒಂದು ಸಾಲಿನ ಕುಪ್ಪಿ ಬಸಳೆ ಎಲೆಯ ಹಾಗೆ ಕಡುಹಸಿರು. ಇನ್ನೊಂದು ಸಾಲಿನ ಆರು ಕುಪ್ಪಿ ಬಿಳಿಚಿಕೊಂಡಿದ್ದವು, ಕಾಮಾಲೆ ಬಂದವರ ಹಾಗೆ. ಮಾಲು ನೋಡಿಯೇ ಬದುಕಿದವನ ಕಣ್ಣು ನನ್ನದು. ಬುಟ್ಟಿಯಲ್ಲಿ ಕೊಳೆತ ಮಾವಿನಹಣ್ಣು ಇದ್ದರೆ ಮೊದಲು ತೆಗೆಯಬೇಕು, ಇಲ್ಲದಿದ್ದರೆ ಪಕ್ಕದ್ದೂ ಹೋಗ್ತದೆ. ತಿದ್ದಿದ ತಳಿ ತೋಡಿನ ನೀರಿಗೆ ಸೇರಬಾರದು, ಎಸೆಯುವುದನ್ನೆಲ್ಲ ಮೊದಲು ಬೇಯಿಸಬೇಕು ಎಂದು ಟೀಚರ್ ಹೇಳಿದ್ದರು. ಅದೊಂದು ಮಾತ್ರ ನನಗೆ ನೆನಪಿತ್ತು. ಆರನ್ನೂ ನಾನೇ ಮಾರಿದ ಕುಕ್ಕರಿನಲ್ಲಿಟ್ಟು ಅರ್ಧ ಗಂಟೆ ಬೇಯಿಸಿ, ನೀರು ಚೆಲ್ಲಿ, ಗಾಜು ಉಜ್ಜಿ, ಚೀಟಿ ತೆಗೆದು ಕವುಚಿ ಇಟ್ಟೆ. ಹೊಸದರ ಹಾಗೆ ಹೊಳೆಯುತ್ತಿದ್ದವು. ಟೀಚರಿಗೆ ಖುಷಿ ಆಗ್ತದೆ ಅಂದುಕೊಂಡೆ...

ಐದನೇ ದಿನ ಬಂದರು. ಸೀರೆಯ ಅಂಚಿನಲ್ಲಿ ನೆರೆಯ ಕೆಸರು. ಕವುಚಿದ ಕುಪ್ಪಿಗಳನ್ನು ನೋಡಿದರು. ಕುಕ್ಕರಿನ ಮುಚ್ಚಳ ತೆಗೆದು ಮೂಸಿದರು. ಬೆಂದ ಸೊಪ್ಪಿನ ವಾಸನೆ ಇನ್ನೂ ಇತ್ತು. ಫ್ರಿಜ್ಜಿನಲ್ಲಿ ಬೀಜಕ್ಕೆಂದು ಎತ್ತಿಟ್ಟ ತಳಿಯ ನಳಿಗೆಗಳಿಗೆ ಆ ಬೇಸಗೆಯಲ್ಲೇ ಬೂಸ್ಟು ಹಿಡಿದಿತ್ತಂತೆ. ತಿದ್ದಿದ ತಳಿ ಉಳಿದದ್ದು ಆ ಆರರಲ್ಲಿ ಮಾತ್ರ. ಕಡುಹಸಿರಿನದು ಹೋಲಿಸಿ ನೋಡಲಿಕ್ಕೆ ಇಟ್ಟ ಮಾಮೂಲಿ ಪಾಚಿ.

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ನೀವು ಉಳಿಸಿದ್ದು ಎಲ್ಲಾ ಕೆರೆಯಲ್ಲೂ ಉಂಟು ಮಾರಾಯ್ರೆ” ಎಂದರು, ಅಷ್ಟೇ.

ಮೊದಲಿನಿಂದ ಶುರು ಮಾಡಲು ಅವರಿಗೆ ವರ್ಷ ಉಳಿದಿರಲಿಲ್ಲ. ಯೋಜನೆ ಮುಚ್ಚಿತು, ನಿವೃತ್ತಿ ಬಂತು. ಆಮೇಲೆ ಒಮ್ಮೆ ಬಂಟ್ವಾಳ ಪೇಟೆಯಲ್ಲಿ ದೂರದಿಂದ ಕಂಡೆ. ತರಕಾರಿಯವನು ಹೇಳಿದಷ್ಟು ಕೊಟ್ಟು, ತೊಂಡೆಕಾಯಿಯನ್ನು ಚೀಲಕ್ಕೆ ಸುರಿದುಕೊಂಡು ಹೋದರು. ಒಂದು ಮಾತು ಚೌಕಾಸಿ ಇಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಕಳೆದ ವರ್ಷ ತೀರಿಕೊಂಡರು ಎಂದು ವಾಚ್‌ಮನ್ ಹೇಳಿ ಗೊತ್ತಾಯಿತು.

ಕುಪ್ಪಿ ಈಗ ನನ್ನ ಗಲ್ಲಾಪೆಟ್ಟಿಗೆಯ ಹತ್ತಿರ ಉಂಟು. ನಿಮಗೆ ಒಂದು ಮಾತು ಹೇಳ್ತೇನೆ. ಇನ್ನೊಬ್ಬರು ನೋಡಿಕೊಳ್ಳಲಿಕ್ಕೆ ಕೊಟ್ಟದ್ದರಲ್ಲಿ ಒಳ್ಳೆಯದು ಯಾವುದು, ಹಾಳು ಯಾವುದು ಎಂದು ಆರಿಸಲಿಕ್ಕೆ ಹೋಗಬೇಡಿ. ಸತ್ತ ಹಾಗೆ ಕಂಡರೂ ಇದ್ದಲ್ಲೇ ಬಿಡಿ, ಅವರು ಬಂದು ನೋಡಲಿ. ಆ ಚೀಟಿಯಲ್ಲಿ ಏನು ಬರೆದಿತ್ತು ಎಂದು ಕೇಳಬೇಡಿ, ನಾನು ಓದಲಿಲ್ಲ. ನೀವು ಓದಿ, ಆಮೇಲೆ ಉಜ್ಜಿ.