ಬ್ಯಾಡ್ಜಿನ ಬೆನ್ನು

ಹಳೆಯ ಕಾರುಗಳ ಮೂತಿಯ ಮೇಲಿರುವ ಎನಾಮೆಲ್ ಬ್ಯಾಡ್ಜುಗಳನ್ನು ರಿಪೇರಿ ಮಾಡುವ ಅಂಗಡಿಯನ್ನು ಅಪ್ಪ ಇಬ್ಬರು ಹೆಣ್ಣುಮಕ್ಕಳಿಗೆ ಬಿಟ್ಟುಹೋಗಿದ್ದ. ಮೆಟ್ಟಿಲ ಕೆಳಗಿನ ಒಂದೇ ಕೋಣೆ. ಬಾಗಿಲ ಬಳಿ ಅಕ್ಕನ ಮೇಜು: ಸೊಟ್ಟಗಾದ ತಾಮ್ರವನ್ನು ನೆಟ್ಟಗೆ ಮಾಡುವುದು, ಒಡೆದ ಎನಾಮೆಲ್ ಕೆರೆಯುವುದು, ಅಂಚಿಗೆ ಅರ ಹಾಕುವುದು ಅವಳ ಪಾಲು. ಕಿಟಕಿಯ ಬೆಳಕಿನಲ್ಲಿ ತಂಗಿ ಕೂತು, ನೀರಲ್ಲಿ ಕಲಸಿದ ಬಣ್ಣದ ಗಾಜಿನ ಪುಡಿಯನ್ನು ಕುಂಚದ ತುದಿಯಿಂದ ತುಂಬಿ ಕುಲುಮೆಯಲ್ಲಿ ಕರಗಿಸುತ್ತಿದ್ದಳು. ಬೀದಿಯವರು ಅಕ್ಕನನ್ನು ಅರದಕ್ಕ ಎಂದೇ ಕರೆಯುತ್ತಿದ್ದರು. ತಂಗಿಗೆ ಯಾರೂ ಅಡ್ಡಹೆಸರು ಇಟ್ಟಿರಲಿಲ್ಲ. ಅದಕ್ಕೂ ಅಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು.

ಹೊಗಳಿಕೆಯೆಲ್ಲ ಬಣ್ಣಕ್ಕೆ. ವಾರವಿಡೀ ಬೆರಳು ಸವೆಸಿದವಳು ಒಬ್ಬಳು, ಶಭಾಷ್ ಅನ್ನಿಸಿಕೊಂಡವಳು ಇನ್ನೊಬ್ಬಳು.

ಒಂದು ದಿನ ನಿವೃತ್ತ ಬಸ್ ಡ್ರೈವರ್ ಒಬ್ಬರು ತೀರಿಕೊಂಡ ತಂದೆಯ ಕಾರಿನ ಬ್ಯಾಡ್ಜ್ ತಂದರು. ಅಂಗೈಯಗಲದ ದುಂಡು ತಾಮ್ರ, ನೀಲಿಯ ಮೇಲೆ ಬಿಳಿ ರೆಕ್ಕೆ. ನೀಲಿ ಅರ್ಧ ಉದುರಿತ್ತು. ತಂಗಿ ಮುಗಿಸಿಟ್ಟಿದ್ದ ಕೆಂಪು ಬ್ಯಾಡ್ಜೊಂದನ್ನು ಬೆಳಕಿಗೆ ಹಿಡಿದು, ನಿಮ್ಮ ಕೈ ಚಿನ್ನ ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, ನೀವು ಇವರಿಗೆ ಸಹಾಯ ಮಾಡ್ತೀರಾ ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಬ್ಯಾಡ್ಜಿನ ಹಿಂಬದಿ ಉಜ್ಜುವಾಗ, ಕಾರಿಗೆ ಸಿಕ್ಕಿಸುವ ಮೊಳೆಯ ಬುಡದಲ್ಲಿ ಅಕ್ಕನಿಗೆ ಬೂದುಬಣ್ಣದ ಸೀಸದ ಬೆಸುಗೆ ಕಂಡಿತು. ಎಂದೋ ಯಾರೋ ಮಾಡಿದ ರಿಪೇರಿ. ಕುಲುಮೆಯ ಕಾವಿಗೆ ಸೀಸ ತಾಮ್ರವನ್ನೇ ತಿಂದುಹಾಕುತ್ತದೆ. ಅಂಥದ್ದು ಕಂಡರೆ ಪೂರ್ತಿ ಕೆರೆದು, ತಂಗಿಗೆ ಒಂದು ಮಾತು ಹೇಳಬೇಕು. ಅಕ್ಕ ಅರ ಕೆಳಗಿಟ್ಟಳು. ಬ್ಯಾಡ್ಜಿನ ಮುಖ ಮೇಲೆ ಮಾಡಿ ತಂಗಿಯ ಮೇಜಿಗೆ ಸರಿಸಿ, ಬಾಯಿಗೆ ಬೀಗ ಹಾಕಿಕೊಂಡು ಕೂತಳು.

ತಂಗಿ ಎರಡು ದಿನ ನೀಲಿ ತುಂಬಿದಳು. ಕುಲುಮೆಯ ಬಾಗಿಲು ತೆಗೆದರೆ ರೆಕ್ಕೆಯ ನಡುವೆ ಬಟಾಣಿ ಗಾತ್ರದ ತೂತು. ಅಕ್ಕನಿಗೆ ಒಂದು ಗಳಿಗೆ ಹಿತವೆನಿಸಿತು. ಆಮೇಲೆ ಆ ತೂತಿನತ್ತ ನೋಡಲಾಗಲಿಲ್ಲ.

ಡ್ರೈವರ್ ಬಂದಾಗ, ಬೆಸುಗೆ ಇದ್ದದ್ದನ್ನು ತಾನು ನೋಡಿಕೊಳ್ಳಲಿಲ್ಲ, ತಪ್ಪು ತನ್ನದೇ ಎಂದು ತಂಗಿ ಹೇಳಿದಳು. ಅವರ ಕಣ್ಣು ತುಂಬಿತು, ಆದರೆ ಗದರಲಿಲ್ಲ. ತಪ್ಪು ಒಪ್ಪಿಕೊಳ್ಳೋಕೂ ದೊಡ್ಡ ಮನಸ್ಸು ಬೇಕು ಎಂದರು. ತಪ್ಪು ಹೊರುವುದರಲ್ಲೂ ಇವಳೇ ಮುಂದೆ! ಅಕ್ಕನಿಗೆ ತಡೆಯಲಾಗಲಿಲ್ಲ.

“ಅವಳದಲ್ಲ. ನಾನು ನೋಡಿದ್ದೆ. ಹೇಳ್ಲಿಲ್ಲ.”

“ಯಾಕಮ್ಮ?” ಎಂದರು ಡ್ರೈವರ್.

“ಹೊಟ್ಟೆಕಿಚ್ಚು.”

ಅವರು ಇಬ್ಬರನ್ನೂ ನೋಡಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೊಸ ತಾಮ್ರದಲ್ಲಿ ಅಂಥದ್ದೇ ಒಂದನ್ನು ತಾನೇ ಮಾಡಿಕೊಡುತ್ತೇನೆ ಎಂದಳು ಅಕ್ಕ. ಅದು ನಮ್ಮಪ್ಪನದಾಗುವುದಿಲ್ಲವಲ್ಲ ಎಂದರು ಡ್ರೈವರ್. ಆದರೂ ಹಳೆಯದನ್ನು ಅಳತೆಗೆಂದು ಬಿಟ್ಟುಹೋದರು.

ಆರು ವಾರ ಅಕ್ಕ ರೆಕ್ಕೆಯ ಒಂದೊಂದು ಗರಿಯನ್ನೂ ಉಳಿಯಲ್ಲಿ ಕೆತ್ತಿದಳು. ಅಷ್ಟು ದಿನವೂ ತಂಗಿ “ಉಪ್ಪು ಕೊಡು”, “ದೀಪ ಹಾಕು” ಬಿಟ್ಟರೆ ಬೇರೆ ಮಾತಾಡಲಿಲ್ಲ. ತಾಮ್ರ ಕೈಗೆ ಬಂದಾಗ ಮೊದಲು ಅದರ ಬೆನ್ನು ತಿರುಗಿಸಿ ನೋಡಿದಳು. ಅಕ್ಕ ತಲೆ ತಗ್ಗಿಸಿದಳು. ಆಮೇಲೆ ತಂಗಿ ನೀಲಿ ತುಂಬಿದಳು. ಡ್ರೈವರ್ ಹೊಸದನ್ನೂ ತೂತುಬಿದ್ದ ಹಳೆಯದನ್ನೂ ಒಂದೇ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

“ಗರಿ ಚೆನ್ನಾಗಿ ಬಂದಿತ್ತು ಕಣೇ ಅಕ್ಕ. ನನ್ನ ಕೈಲಿ ಆಗ್ತಿರ್ಲಿಲ್ಲ,” ಎಂದಳು ತಂಗಿ, ಕುಂಚ ತೊಳೆಯುತ್ತ.

ಆ ಮುಖದಲ್ಲಿ ಒಂದಿಷ್ಟಾದರೂ ಅಸೂಯೆ ಇದೆಯೇ ಎಂದು ಅಕ್ಕ ಹುಡುಕಿದಳು. ಇತ್ತು, ಸಾಸಿವೆಯಷ್ಟು. ಅಷ್ಟಕ್ಕೇ ಸಮಾಧಾನವಾಗಿ, ಊಟಕ್ಕೆ ಎರಡು ತಟ್ಟೆ ಇಟ್ಟಳು.