ವಾಚಿಗೆ ಹೇಳಿದ ಸುಳ್ಳು

ನನಗೆ ಮೂಗಿನ ತುದಿಯಲ್ಲೇ ಕೋಪ. ಆ ವಾರ ಅದೆಲ್ಲ ತಿರುಗಿದ್ದು ಕೈಯಲ್ಲಿದ್ದ ಸ್ಮಾರ್ಟ್‌ವಾಚಿನ ಮೇಲೆ.

ಹೊಳೆನರಸೀಪುರದ ನಮ್ಮ ಮನೆಗೆ ನಾನು ಹಿರಿಸೊಸೆ. ಇಪ್ಪತ್ತೆರಡು ಗೌರಿಹಬ್ಬಗಳಲ್ಲಿ ಒಲೆಯ ಮುಂದೆ ನಿಂತು ಒಬ್ಬಟ್ಟು ಬೇಯಿಸಿದ್ದೇನೆ. ಎಲ್ಲರೂ ಉಂಡೆದ್ದ ಮೇಲೆ ನನಗೆ ಉಳಿಯುತ್ತಿದ್ದದ್ದು ತಣ್ಣಗಾದದ್ದು. ಮಗಳು ಹಾಸನದಿಂದ ನನಗೂ ನನ್ನ ವಾರಗಿತ್ತಿಗೂ ಒಂದೇ ಥರದ ವಾಚು ತಂದಾಗ ನಾನೇ ಪಂದ್ಯ ಕಟ್ಟಿದೆ. ಹಬ್ಬಕ್ಕೆ ಹದಿನೈದು ದಿನವಿತ್ತು. ಹೆಚ್ಚು ದಿನ ಹೆಚ್ಚು ಕ್ಯಾಲೊರಿ ಕರಗಿಸಿದವಳು ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು, ಸೋತವಳು ಬೇಯಿಸಿ ಬಡಿಸಬೇಕು.

ಬೆಳಿಗ್ಗೆ ಹೊಳೆ ದಂಡೆಯಲ್ಲಿ ಇಬ್ಬರೂ ಜೊತೆಯಲ್ಲೇ ನಡೆದೆವು. ಅದೇ ದಾರಿ, ಅದೇ ಹೆಜ್ಜೆ. ಆದರೂ ದಿನವೂ ಅವಳ ವಾಚೇ ಮುಂದೆ. ಐದು ದಿನ ಸೋತ ಮೇಲೆ ಮಗಳ ಮುಂದೆ ವಾಚು ಬಿಚ್ಚಿ ಕುಕ್ಕಿದೆ. ಅವಳು ಫೋನಿನಲ್ಲಿ ಏನೋ ನೋಡಿ, "ಅಮ್ಮ, ನಿನ್ನ ತೂಕ ಐವತ್ತೆಂಟಾ?" ಅಂದಳು.

ವಾಚಿಗೆ ವಿವರ ತುಂಬಿದ ದಿನ ನಡುಮನೆಯಲ್ಲಿ ಮಾವನವರೂ ನಮ್ಮ ಯಜಮಾನರೂ ಕೂತಿದ್ದರು. ವಾರಗಿತ್ತಿ ನಾಚದೆ "ಅರವತ್ತಾರು ಬರ್ಕೊ" ಅಂದಿದ್ದಳು. ನಾನು ಇಪ್ಪತ್ತು ಕೆಜಿ ನುಂಗಿಬಿಟ್ಟಿದ್ದೆ.

"ಭಾರ ಇದ್ದಷ್ಟೂ ನಡೆಯೋಕೆ ಶಕ್ತಿ ಜಾಸ್ತಿ ಬೇಕಮ್ಮ. ನೀನು ಕಮ್ಮಿ ಹೇಳಿದೆ, ಅದೂ ಕಮ್ಮಿ ತೋರಿಸ್ತು," ಅಂದಳು ಮಗಳು.

ತಿದ್ದು ಅಂದೆ. ವಾರಗಿತ್ತಿ ಬಿಡಲಿಲ್ಲ. "ಬಾಯ್ಮಾತು ನಂಬಾಕಿಲ್ಲ ಕಣಕ್ಕ, ತೂಗ್ಸು."

ಮನೆಯ ಹತ್ತಿರ ಇದ್ದದ್ದು ಹಿಟ್ಟಿನ ಮಿಲ್ಲಿನಲ್ಲಿ ಚೀಲ ತೂಗುವ ತಕ್ಕಡಿ ಒಂದೇ. ಹತ್ತಿ ನಿಂತೆ. ಮಿಲ್ಲಿನವರು ರಾಗಿ ಚೀಲಕ್ಕೆ ಕೂಗುವ ಗಂಟಲಲ್ಲೇ "ಎಪ್ಪತ್ತೆಂಟು" ಎಂದು ಕೂಗಿದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿದರು. ಮಾನ ಹೋಯಿತು ಅಂದುಕೊಂಡರೂ ನನಗೇ ನಗು ತಡೆಯಲಾಗಲಿಲ್ಲ.

ಉಳಿದ ಹತ್ತು ದಿನವೂ ಗೆದ್ದೆ.

ಹಬ್ಬದ ದಿನ ಮಾವನವರ ಪಕ್ಕದಲ್ಲೇ ನನಗೂ ಎಲೆ ಹಾಕಿದರು. ಕೈ ಎಲ್ಲಿಡಬೇಕೋ ತೋಚಲಿಲ್ಲ. ಎರಡು ಸಲ ಏಳಲು ಹೋದೆ, ಮಗಳು ಭುಜ ಒತ್ತಿ ಕೂರಿಸಿದಳು. ವಾರಗಿತ್ತಿ ಹೆಂಚಿನಿಂದ ಆಗತಾನೇ ತೆಗೆದ ಒಬ್ಬಟ್ಟು ತಂದು, ಮೇಲೆ ಧಾರಾಳವಾಗಿ ತುಪ್ಪ ಸುರಿದಳು.

"ಸಾಕು ಕಣೇ," ಅಂದೆ.

"ತಿನ್ನಕ್ಕ. ತೂಕ ಇಳಿದ್ರೆ ಮುಂದಿನ್ ವರ್ಷ ಗೆಲ್ಲಾಕಾಗಲ್ಲ."

ಒಬ್ಬಟ್ಟು ಬೆರಳು ಸುಟ್ಟಿತು. ಆ ಮನೆಯಲ್ಲಿ ಗೌರಿಹಬ್ಬದ ಒಬ್ಬಟ್ಟನ್ನು ನಾನು ಬಿಸಿಬಿಸಿಯಾಗಿ ತಿಂದದ್ದು ಅದೇ ಮೊದಲು.